ರಕ್ತ ಕಡಿಮೆಯಾದರೆ
(ಪ್ರಸಾದನಿಲಯದ ಕಲಾ ಮತ್ತು ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)



ನೀವು ಇತಿಹಾಸ, ಲೆಕ್ಕಶಾಸ್ತ್ರ ಓದುವವರು. ಹತ್ತನೆಯ ತರಗತಿ ಮುಗಿದ ದಿನವೇ ಜೀವಶಾಸ್ತ್ರದ ಪುಸ್ತಕ ಮುಚ್ಚಿಟ್ಟಿದ್ದೀರಿ. ಹೋದ ಸಲ ನಾನಿಲ್ಲಿಗೆ ಬಂದಾಗ ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬ ಮಗಳು ತಲೆ ಸುತ್ತಿ ಕುಳಿತುಬಿಟ್ಟಳು. ಕೇಳಿದರೆ, "ಏನಿಲ್ರೀ ಅಕ್ಕಾರ, ನನಗ ಯಾವಾಗ್ಲೂ ಹಿಂಗ" ಎಂದಳು. ಆ 'ಯಾವಾಗ್ಲೂ' ಎಂಬ ಮಾತೇ ನನಗೆ ಭಯ ಹುಟ್ಟಿಸಿತು. ಅದಕ್ಕೇ ಇಂದು ಬೇರೆಲ್ಲ ಬಿಟ್ಟು ರಕ್ತದ ವಿಷಯ ಎತ್ತಿಕೊಂಡಿದ್ದೇನೆ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಕೆಂಪು ರಕ್ತಕಣ ಎಲುಬಿನ ಮಜ್ಜೆಯಲ್ಲಿ ಹುಟ್ಟಿ ಸುಮಾರು 120 ದಿನ ಬದುಕುತ್ತದೆ. ಅದರೊಳಗಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೆದುಳಿಗೂ ಸ್ನಾಯುಗಳಿಗೂ ಮುಟ್ಟಿಸುತ್ತದೆ. ಅದಕ್ಕೆ ಕಬ್ಬಿಣಾಂಶ ಬೇಕು. ಹಳೆಯ ಕಣ ಸತ್ತಾಗ ದೇಹ ಆ ಕಬ್ಬಿಣವನ್ನು ಎಸೆಯುವುದಿಲ್ಲ, ಮತ್ತೆ ಬಳಸುತ್ತದೆ, ನಮ್ಮ ಅಜ್ಜಿಯರ ಸಂಸಾರದ ಹಾಗೆ. ಆದರೆ ಮುಟ್ಟಿನಲ್ಲಿ ಹೊರಗೆ ಹೋದದ್ದು ತಿರುಗಿ ಬರುವುದಿಲ್ಲ, ಊಟದಿಂದಲೇ ತುಂಬಬೇಕು. ತುಂಬದಿದ್ದರೆ ಓದಿದ್ದು ತಲೆಗೆ ಹತ್ತದು, ಮೆಟ್ಟಿಲೇರಿದರೆ ಎದೆ ಬಡಿದುಕೊಳ್ಳುತ್ತದೆ. ಮನೆಯವರು ಸೋಮಾರಿ ಎನ್ನುತ್ತಾರೆ!

ಮುಟ್ಟಿನಲ್ಲಿ ಹೋಗುವುದು 'ಕೆಟ್ಟ ರಕ್ತ' ಎಂಬ ಮಾತನ್ನು ಇಲ್ಲಿಯೇ ಬಿಟ್ಟುಬಿಡಿ. ಅದು ಗರ್ಭಕೋಶದ ಒಳಪದರ, ಜೊತೆಗೆ ನಿಮ್ಮ ನಾಳಗಳಲ್ಲಿ ಹರಿಯುವ ಅದೇ ರಕ್ತ. ರಜಸ್ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ಶರಣರು 12ನೆಯ ಶತಮಾನದಲ್ಲೇ ತಳ್ಳಿಹಾಕಿದರು. ಹಾಗಿದ್ದೂ ಲಿಂಗವಂತರ ಮನೆಗಳಲ್ಲೇ ಹೆಣ್ಣುಮಕ್ಕಳನ್ನು ಮೂರು ದಿನ ಮೂಲೆಯಲ್ಲಿ ಕೂರಿಸುವುದನ್ನು ಕಂಡಿದ್ದೇನೆ. ಹೆಚ್ಚು ಸ್ರಾವವನ್ನು ನಾಚಿ ಮುಚ್ಚಿಡುವುದು ಅಲ್ಲಿಂದಲೇ ಶುರುವಾಗುತ್ತದೆ. ಏಳು ದಿನ ಮೀರಿದರೆ, ತಾಸಿಗೊಮ್ಮೆ ಪ್ಯಾಡ್ ಬದಲಿಸಬೇಕಾಗಿ ಬಂದರೆ ವೈದ್ಯರಿಗೆ ತೋರಿಸಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಗಂಡುಮಕ್ಕಳು ನಗಬೇಡಿ, ನಿಮ್ಮ ವಯಸ್ಸಿನವರಲ್ಲೂ ಶೇ. 31. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿಳಿಯಬಾರದು.

ದಾಸೋಹದ ತಾಟಿನಲ್ಲಿ ಕಾಳು, ಸೊಪ್ಪು ಇವೆ. ಆದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಮೇಲೆ ನಿಂಬೆರಸ ಹಿಂಡಿಕೊಳ್ಳಿ. ಚಹಾ ಊಟದ ಜೊತೆ ಬೇಡ, ಒಂದು ತಾಸು ತಡೆಯಿರಿ. ಸರ್ಕಾರ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಊಟವಾದ ಮೇಲೆ ನುಂಗಿ. ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಕಿಟಕಿಯಾಚೆ ಬಿದ್ದ ಗುಳಿಗೆಗಳನ್ನು ನಾನು ಅಂಗಳದಲ್ಲಿ ನೋಡಿದ್ದೇನೆ.

ಸಭೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಬೆರಳತುದಿಯ ರಕ್ತ ಪರೀಕ್ಷಿಸುತ್ತೇವೆ. ಆ ಮಗಳು ಯಾರೆಂದು ಹುಡುಕಬೇಡಿ, ಎಲ್ಲರೂ ಬನ್ನಿ.