ಯಂತ್ರದ ತಕ್ಕಡಿಯಲ್ಲಿ ಮಗುವಿನ ಭವಿಷ್ಯ



2020ರ ಆಗಸ್ಟ್ 13ರಂದು ಇಂಗ್ಲೆಂಡಿನ ಲಕ್ಷಾಂತರ ವಿದ್ಯಾರ್ಥಿಗಳ ಕೈಗೆ ಅವರು ಬರೆಯದೇ ಇದ್ದ ಪರೀಕ್ಷೆಯ ಫಲಿತಾಂಶ ಬಂದಿತು. ವಿಶ್ವವಿದ್ಯಾಲಯ ಪ್ರವೇಶಕ್ಕೆ ಆಧಾರವಾದ ಎ-ಲೆವೆಲ್ ಪರೀಕ್ಷೆಯು ಕೋವಿಡ್ ಕಾರಣದಿಂದ ಆ ವರ್ಷ ರದ್ದಾಗಿತ್ತು. ಪರೀಕ್ಷೆಗಳ ನಿಯಂತ್ರಕ ಸಂಸ್ಥೆಯಾದ ಆಫ್‌ಕ್ವಾಲ್ ಒಂದು ಗಣಿತಸೂತ್ರವನ್ನು ರೂಪಿಸಿ, ಅದರ ಮೂಲಕ ಎಲ್ಲರಿಗೂ ಶ್ರೇಣಿ ನೀಡಿತು. ಕೃತಕ ಬುದ್ಧಿಮತ್ತೆಯನ್ನು ಶಾಲೆಯೊಳಕ್ಕೆ ತರಲು ಜಗತ್ತಿನ ಸರ್ಕಾರಗಳು ಆತುರಪಡುತ್ತಿರುವ ಈ ಹೊತ್ತಿನಲ್ಲಿ ಆ ಪ್ರಸಂಗವನ್ನು ಮತ್ತೊಮ್ಮೆ ಪರಿಶೀಲಿಸುವುದು ಅವಶ್ಯಕ.

ಸೂತ್ರದ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅಧ್ಯಾಪಕರು ತಮ್ಮ ಶಿಷ್ಯರಿಗೆ ಉದಾರವಾಗಿ ಅಂಕ ನೀಡಿಯಾರು, ಅದರಿಂದ ಆ ವರ್ಷದ ಶ್ರೇಣಿಗಳಿಗೆ ಬೆಲೆ ಇಲ್ಲದಂತಾದೀತು ಎಂಬುದು ಅಧಿಕಾರಿಗಳ ಆತಂಕ. ಆದ್ದರಿಂದ ಪ್ರತಿ ಶಾಲೆಯಿಂದ ಎರಡು ವಿವರಗಳನ್ನು ತರಿಸಲಾಯಿತು. ಒಂದು, ಪ್ರತಿ ವಿದ್ಯಾರ್ಥಿಗೆ ಯಾವ ಶ್ರೇಣಿ ದೊರೆಯಬಹುದೆಂಬ ಅಧ್ಯಾಪಕರ ಅಂದಾಜು. ಎರಡು, ತರಗತಿಯಲ್ಲಿ ಮೊದಲಿಗರು ಯಾರು, ಕೊನೆಯವರು ಯಾರು ಎಂಬ ಅನುಕ್ರಮ. ಸೂತ್ರವು ದೊಡ್ಡ ತರಗತಿಗಳಲ್ಲಿ ಅಧ್ಯಾಪಕರ ಅಂದಾಜನ್ನು ಬದಿಗಿರಿಸಿತು. ಅನುಕ್ರಮವನ್ನು ಮಾತ್ರ ಇಟ್ಟುಕೊಂಡು, ಆ ಶಾಲೆಯ ಹಿಂದಿನ ಮೂರು ವರ್ಷಗಳ ಫಲಿತಾಂಶಕ್ಕೆ ಅದನ್ನು ಹೊಂದಿಸಿತು. ಹಿಂದೆ ಯಾರೂ ಅತ್ಯುನ್ನತ ಶ್ರೇಣಿ ಗಳಿಸದಿದ್ದ ಶಾಲೆಯಲ್ಲಿ ಈ ವರ್ಷ ಎಂಥ ಪ್ರತಿಭಾವಂತೆ ಇದ್ದರೂ ಆ ಶ್ರೇಣಿ ಬಹುಮಟ್ಟಿಗೆ ಅವಳ ಕೈಗೆಟುಕದಾಯಿತು. ಒಟ್ಟು ಶ್ರೇಣಿಗಳಲ್ಲಿ ಶೇಕಡಾ 39ರಷ್ಟು ಅಧ್ಯಾಪಕರ ಅಂದಾಜಿಗಿಂತ ಕೆಳಕ್ಕಿಳಿದವು.

ಇನ್ನೊಂದು ನಿಯಮವೂ ಇತ್ತು. ಐದು ಅಥವಾ ಅದಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ತರಗತಿಯಲ್ಲಿ ಅಧ್ಯಾಪಕರ ಅಂದಾಜನ್ನೇ ಒಪ್ಪಲಾಗುತ್ತಿತ್ತು. ಅಷ್ಟು ಚಿಕ್ಕ ತರಗತಿಗಳು ಹೆಚ್ಚಾಗಿ ಇರುವುದು ದುಬಾರಿ ಶುಲ್ಕದ ಖಾಸಗಿ ಶಾಲೆಗಳಲ್ಲಿ. ಪರಿಣಾಮವಾಗಿ ಖಾಸಗಿ ಶಾಲೆಗಳಲ್ಲಿ ಅತ್ಯುನ್ನತ ಶ್ರೇಣಿಗಳ ಪಾಲು ಹಿಂದಿನ ವರ್ಷಕ್ಕಿಂತ 4.7 ಶೇಕಡಾಂಶ ಏರಿತು. ಸರ್ಕಾರಿ ಅನುದಾನದ ಸಿಕ್ಸ್ತ್ ಫಾರ್ಮ್ ಕಾಲೇಜುಗಳಲ್ಲಿ ಏರಿದ್ದು ಕೇವಲ 0.3. ಬಡ ಮಕ್ಕಳಿಗೆ ಕಡಿಮೆ ಅಂಕ ನೀಡಬೇಕೆಂದು ಯಾರೂ ಬರೆದಿರಲಿಲ್ಲ. ಹಾಗೆ ಬರೆಯುವ ಅಗತ್ಯವೇ ಬೀಳಲಿಲ್ಲ; ಹಳೆಯ ಅಸಮಾನತೆಯೇ ಲೆಕ್ಕದ ರೂಪದಲ್ಲಿ ಮರಳಿ ಬಂದಿತ್ತು. ವಿದ್ಯಾರ್ಥಿಗಳು ಬೀದಿಗಿಳಿದರು. ನಾಲ್ಕೇ ದಿನಗಳಲ್ಲಿ, ಆಗಸ್ಟ್ 17ರಂದು, ಸೂತ್ರವನ್ನು ಕೈಬಿಟ್ಟು ಅಧ್ಯಾಪಕರ ಅಂದಾಜಿಗೆ ಮರಳಲಾಯಿತು.

ಸಭಿಕರೇ, ಆ ಸೂತ್ರ ಕೃತಕ ಬುದ್ಧಿಮತ್ತೆಯಾಗಿರಲಿಲ್ಲ, ಸಾಮಾನ್ಯ ಸಂಖ್ಯಾಶಾಸ್ತ್ರವಾಗಿತ್ತು. ಅದರ ವಿವರವನ್ನು ಮುನ್ನೂರಕ್ಕೂ ಹೆಚ್ಚು ಪುಟಗಳ ವರದಿಯಲ್ಲಿ ಪ್ರಕಟಿಸಲಾಗಿತ್ತು. ಆದ್ದರಿಂದಲೇ ತಪ್ಪು ಎಲ್ಲಿದೆಯೆಂದು ಬೊಟ್ಟುಮಾಡಿ ತೋರಿಸಲು ಸಾಧ್ಯವಾಯಿತು. ಇಂದಿನ ಕೃತಕ ಬುದ್ಧಿಮತ್ತೆ ಅಪಾರ ಮಾಹಿತಿಯಿಂದ ತಾನೇ ಕಲಿಯುತ್ತದೆ. ಒಂದು ನಿರ್ಣಯಕ್ಕೆ ಅದು ಹೇಗೆ ಬಂದಿತೆಂದು ಅದನ್ನು ನಿರ್ಮಿಸಿದವರೂ ಸುಲಭವಾಗಿ ವಿವರಿಸಲಾರರು. ಕಾರಣವೇ ತಿಳಿಯದ ನಿರ್ಣಯದ ವಿರುದ್ಧ ಹದಿನೆಂಟರ ಹುಡುಗಿ ಏನೆಂದು ಮೇಲ್ಮನವಿ ಬರೆದಾಳು?

ಸಾಧನಗಳ ಅಸಮಾನತೆಯಂತೂ ಎದುರಿಗೇ ಇದೆ. ಮೂರರಿಂದ ಹದಿನೇಳು ವರ್ಷದ ಮಕ್ಕಳಲ್ಲಿ ಮೂರನೆಯ ಎರಡು ಭಾಗ, ಎಂದರೆ 130 ಕೋಟಿ ಮಕ್ಕಳಿಗೆ, ಮನೆಯಲ್ಲಿ ಅಂತರ್ಜಾಲ ಸಂಪರ್ಕವಿಲ್ಲವೆಂದು ಯುನಿಸೆಫ್ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2020ರಲ್ಲಿ ತಿಳಿಸಿದವು. ಆದರೆ ಸಂಪರ್ಕ ಒದಗಿದ ಮಾತ್ರಕ್ಕೆ ಅಂತರ ಅಳಿಯದು. ಉಳ್ಳವರ ಮಗುವಿಗೆ ಅಧ್ಯಾಪಕರೂ ಇದ್ದು ಯಂತ್ರವೂ ಇರುತ್ತದೆ. ಇಲ್ಲದವರ ಮಗುವಿಗೆ ಅಧ್ಯಾಪಕರ ಬದಲಿಗೆ ಯಂತ್ರ ದೊರೆತರೆ ಅದು ಸಮಾನತೆಯಲ್ಲ, ಅಗ್ಗದ ಪರಿಹಾರ.

ಕೆಲವು ದೇಶಗಳು ಎಚ್ಚೆತ್ತಿವೆ. ದಕ್ಷಿಣ ಕೊರಿಯಾ 2025ರ ಮಾರ್ಚ್‌ನಲ್ಲಿ ಕೃತಕ ಬುದ್ಧಿಮತ್ತೆಯ ಡಿಜಿಟಲ್ ಪಠ್ಯಪುಸ್ತಕಗಳನ್ನು ಶಾಲೆಗೆ ತಂದಿತು. ಶಿಕ್ಷಕರ, ಪಾಲಕರ ಆಕ್ಷೇಪಗಳ ನಡುವೆ ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು ಅವುಗಳ ಪಠ್ಯಪುಸ್ತಕದ ಸ್ಥಾನವನ್ನು ಕಿತ್ತು ಪೂರಕ ಸಾಮಗ್ರಿಯಾಗಿಸಿತು. ಐರೋಪ್ಯ ಒಕ್ಕೂಟದ 2024ರ ಕಾಯಿದೆಯು ಪ್ರವೇಶ ನೀಡುವ, ಕಲಿಕೆಯನ್ನು ಅಳೆಯುವ ವ್ಯವಸ್ಥೆಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿ, ಅವುಗಳ ಮೇಲೆ ಮನುಷ್ಯರ ನಿಗಾ ಕಡ್ಡಾಯವೆಂದಿದೆ.

ಹೊರನಾಡ ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ದುಡಿದು ತಿನ್ನುವವರ ಮಕ್ಕಳು ಕಲಿತ ಅಂಥ ಶಾಲೆಯ ಹಿಂದಿನ ಫಲಿತಾಂಶವೇ ಇಂದಿನ ಮಗುವಿನ ಅಳತೆಗೋಲಾದರೆ ಗತಿಯೇನು? ಈ ಯಂತ್ರಗಳು ಕಲಿತ ಬರಹದಲ್ಲಿ ಸಿಂಹಪಾಲು ಇಂಗ್ಲಿಷಿನದು, ಕನ್ನಡದ ಪಾಲು ಅತ್ಯಲ್ಪ. ಕನ್ನಡದಲ್ಲಿ ಉತ್ತರ ಬರೆದ ಮಗುವನ್ನು ಅವು ಇಂಗ್ಲಿಷಿನಷ್ಟೇ ಚೆನ್ನಾಗಿ ಅರಿತಾವೆಂದು ನಂಬಿ ಕೂರುವಂತಿಲ್ಲ.

ಆದುದರಿಂದ ಪಾಲಕರು ಶಾಲೆಯನ್ನೂ ಸರ್ಕಾರವನ್ನೂ ಕೇಳಬೇಕಾದವು ಮೂರು. ಮಗುವಿನ ಬಗ್ಗೆ ಯಂತ್ರ ಕೊಟ್ಟ ನಿರ್ಣಯದ ಕಾರಣ ತಿಳಿಯುವ ಹಕ್ಕು ಇದೆಯೇ? ಆ ನಿರ್ಣಯವನ್ನು ಬದಲಿಸಬಲ್ಲ ಮನುಷ್ಯರೊಬ್ಬರ ಮುಂದೆ ಅಹವಾಲು ಹೇಳಿಕೊಳ್ಳಬಹುದೇ? ಯಂತ್ರಕ್ಕೆ ಸುರಿಯುವ ಹಣ ಅಧ್ಯಾಪಕರ ನೇಮಕದಿಂದ ಕಡಿತವಾದುದೇ?

ಇದೇ ಪ್ರಶ್ನೆಗಳು ಸಮಾಜದ ಟ್ರಸ್ಟುಗಳಿಗೂ ಅನ್ವಯಿಸುತ್ತವೆ. ಅಂಕಪಟ್ಟಿಯ ಮೊತ್ತವನ್ನಷ್ಟೇ ನೋಡಿ ವಿದ್ಯಾರ್ಥಿವೇತನ ಹಂಚುವ ಸಮಿತಿಯೂ ಒಂದು ಬಗೆಯ ಸೂತ್ರವೇ. ಟ್ಯೂಷನ್ ಪಡೆದು ತೊಂಬತ್ತು ಗಳಿಸಿದವನನ್ನೂ, ಅಂಗಡಿಯಲ್ಲಿ ತಂದೆಗೆ ನೆರವಾಗುತ್ತ ಎಪ್ಪತ್ತು ಗಳಿಸಿದವಳನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮುಂದಿನ ಅರ್ಜಿಗಳು ಬರುವ ಮುನ್ನ ಸಮಿತಿಗಳು ತಮ್ಮ ನಿಯಮಗಳನ್ನು ತೆರೆದು ನೋಡಲಿ. ಅರ್ಜಿ ತಿರಸ್ಕೃತವಾದ ಮಗುವಿಗೆ ಎರಡು ಸಾಲಿನ ಕಾರಣವನ್ನಾದರೂ ಬರೆದು ಕಳುಹಿಸಲಿ. ಸರ್ಕಾರದಿಂದ ಬಯಸುವ ನ್ಯಾಯ ಮೊದಲು ಮನೆಯಂಗಳದಲ್ಲಿ ಆಚರಣೆಗೆ ಬರಲಿ.