ಬಿಳಿ ಕಲೆಗೆ ಹೆದರಿದೆವು, ಸಿಹಿ ನೀರನ್ನು ನಂಬಿದೆವು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕಿನ ಕೇಳುಗರು ಮತ್ತೆ ಮತ್ತೆ ಕೇಳೋ ಪ್ರಶ್ನೆ ಒಂದಿದೆ. "ನಳದ ನೀರಿನಿಂದ ಪಾತ್ರೆ ಎಲ್ಲಾ ಬೆಳ್ಳಗಾಗ್ತಾವ, ಈ ನೀರು ಕುಡಿಬಹುದೇನ್ರಿ?" ನಾನು ಓದಿದ್ದು ಬಿ.ಕಾಂ. ವಿಜ್ಞಾನಿ ಅಲ್ಲ. ಆದ್ರೆ ಲೆಕ್ಕ ಹಾಕೋಕೆ ಬರುತ್ತೆ. ಇವತ್ತು ನಮ್ಮ ಮನೆಯ ನೀರಿನ ಲೆಕ್ಕವನ್ನೇ ನಿಮ್ಮ ಮುಂದೆ ಇಡ್ತೀನಿ.

ಹೋದ ಬೇಸಿಗೆಯಲ್ಲಿ ಆರ್‌ಒ ಯಂತ್ರ ಮಾರೋನೊಬ್ಬ ಮನೆಗೆ ಬಂದ. ಎರಡು ಗ್ಲಾಸ್ ಇಟ್ಟ. ಒಂದರಲ್ಲಿ ನಮ್ಮ ನಳದ ನೀರು, ಇನ್ನೊಂದರಲ್ಲಿ ತಾನು ತಂದ ಆರ್‌ಒ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟ. ಸ್ವಲ್ಪ ಹೊತ್ತಿಗೆ ನಮ್ಮ ಗ್ಲಾಸ್ ಕಂದು ಬಣ್ಣಕ್ಕೆ ತಿರುಗಿ ಕೆಸರಿನ ಹಾಗೆ ಆಯ್ತು. ಅವನದು ಹಾಗೇ ತಿಳಿಯಾಗಿತ್ತು. ಅವ್ವ ಗಾಬರಿಯಾಗಿ, "ಇಷ್ಟ ವರ್ಷ ಇದನ್ನ ಕುಡದೀವೇನೋ ತಮ್ಮಾ?" ಅಂದ್ಲು. ಕಂತಿನಲ್ಲಿ ಕೊಳ್ಳೋಕೆ ತಯಾರಾಗೇ ಬಿಟ್ಟಿದ್ಲು.

ಅವನ ನೀರಿಗೂ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಕರೆಂಟ್ ಕೊಡು ಅಂದೆ. ಒಲ್ಲದ ಮನಸ್ಸಿನಿಂದ ಹಾಕಿದ. ಅದೂ ಕಂದಾಯ್ತು! ಆ ಬಣ್ಣ ನೀರಿನ ಹೊಲಸಲ್ಲ, ಕರಗಿದ ಕಬ್ಬಿಣದ ಕಡ್ಡಿಯದು. ಲವಣ ಇರೋ ನೀರಿನಲ್ಲಿ ಕರೆಂಟ್ ಹರಿಯುತ್ತೆ, ಕಡ್ಡಿ ಕರಗುತ್ತೆ. ಆರ್‌ಒ ನೀರಿನಲ್ಲಿ ಲವಣ ಬಹಳ ಕಡಿಮೆ, ಹಾಗಾಗಿ ಏನೂ ಆಗಲ್ಲ. ಅಷ್ಟೇ.

ಹಾಗಂತ ನಮ್ಮ ನೀರು ಗಡಸು ಅನ್ನೋದು ಸುಳ್ಳಲ್ಲ. ನಾವು ಸವಳು ನೀರು ಅಂತೀವಿ, ನಿಪ್ಪಾಣಿ ಕಡೆ ಮರಾಠಿ ಮಾತಾಡೋರು ಜಡ ಪಾಣಿ ಅಂತಾರೆ. ನಮ್ಮ ಕಾಲ ಕೆಳಗೆ ಇರೋದು ದಖ್ಖನ್ನಿನ ಕಪ್ಪು ಕಲ್ಲು, ಬಸಾಲ್ಟ್. ಅದರ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬೋರಿನಿಂದ ಮೇಲೆ ಬರುತ್ತೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ಸಹ್ಯಾದ್ರಿಯ ಮಳೆ ನೀರು, ಅದು ಅಷ್ಟು ಗಡಸಲ್ಲ. ನದಿ ತುಂಬಿದ್ದಾಗ ಆ ನೀರು ಬಿಡ್ತಾರೆ, ನದಿ ಬತ್ತಿ ಮಹಾರಾಷ್ಟ್ರ ಕೊಯ್ನಾದಿಂದ ಯಾವಾಗ ನೀರು ಬಿಡುತ್ತೋ ಅಂತ ಕಾಯೋ ದಿನಗಳಲ್ಲಿ ಬೋರ್ ನೀರು ಬಿಡ್ತಾರೆ. ನಳ ಒಂದೇ, ನೀರು ಎರಡು. ಮಳೆಗಾಲದಲ್ಲಿ ನೊರೆ ಬರೋ ಸೋಪು ಏಪ್ರಿಲ್‌ನಲ್ಲಿ ಯಾಕೆ ನೊರೆ ಬಿಡಲ್ಲ ಅನ್ನೋದಕ್ಕೆ ಇದೇ ಉತ್ತರ.

ಈಗ ಖರ್ಚಿನ ಲೆಕ್ಕಕ್ಕೆ ಬರೋಣ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ. ನಡುವಿನ 400 ಅಂತ ಹಿಡಿಯಿರಿ. 20 ಲೀಟರಿನ ಒಂದು ಬಕೆಟ್‌ನಲ್ಲಿ 8 ಗ್ರಾಂ ಸುಣ್ಣದಂಥ ಅಂಶ ಇರುತ್ತೆ. ಇದು ಸೋಪಿನ ಜೊತೆ ಸೇರಿ ಬಿಳಿ ಜಿಗುಟಾಗುತ್ತೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಈ 8 ಗ್ರಾಂ ಸುಮಾರು 50 ಗ್ರಾಂ ಶುದ್ಧ ಸೋಪನ್ನು ತಿಂದು ಹಾಕಬಲ್ಲದು, ಒಂದು ಹನಿ ನೊರೆ ಬರೋ ಮೊದಲೇ! ಸೋಪಿನ ಬದಲು ಡಿಟರ್ಜೆಂಟ್ ಪುಡಿ ಬಳಸಿದರೆ ಈ ನಷ್ಟ ಕಡಿಮೆ.

ಗೀಝರ್ ಕಾಯಿಲ್ ಮೇಲೆ ಪದರ ಕೂತರೆ ಬಿಸಿ ನೀರಿಗೆ ದಾಟಲ್ಲ, ಕರೆಂಟ್ ಬಿಲ್ ಏರುತ್ತೆ, ಕಾಯಿಲ್ ಸುಡುತ್ತೆ. ತೊಗರಿ ಬ್ಯಾಳಿ ಬೇಯೋದು ತಡವಾಗುತ್ತೆ, ಗ್ಯಾಸ್ ಹೆಚ್ಚು ಬೇಕು. ಅಂದ್ರೆ ಗಡಸು ನೀರಿನ ದೊಡ್ಡ ಪೆಟ್ಟು ಜೇಬಿಗೆ.

ಆರೋಗ್ಯಕ್ಕೆ? ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಹಾಕಿಲ್ಲ. ಕಿಡ್ನಿ ಸ್ಟೋನ್ ಇದರಿಂದಲೇ ಬರುತ್ತೆ ಅನ್ನೋದು ಸಾಬೀತಾಗಿಲ್ಲ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯೋದು ದೊಡ್ಡ ಕಾರಣ. ಈಗಾಗಲೇ ಕಲ್ಲು ಇದ್ದವರು ಡಾಕ್ಟರ ಮಾತು ಕೇಳಬೇಕು.

ನನ್ನ ಕಣ್ಣು ತೆರೆಸಿದ್ದು ಮುಂದಿನ ಮಾತು. ನಳದ ನೀರು ಸವಳು ಅಂತ ನಾವು ಕುಡಿಯೋಕೆ ಹೊಲದ ಬಾವಿಯಿಂದ ಕೊಡ ತುಂಬಿಸಿ ತರ್ತಿದ್ದೆವು. ಸಿಹಿ ನೀರು ಅಂತ ಹೆಸರು ಅದಕ್ಕೆ. ಮನೆಯಲ್ಲಿ ನಮ್ಮ ವೈನಿಯ ನಾಲ್ಕು ತಿಂಗಳ ಕೂಸಿತ್ತು, ಎದೆಹಾಲು ಸಾಲದೆ ಪುಡಿ ಹಾಲು ಶುರುವಾಗಿತ್ತು. ಅದನ್ನೂ ಈ ಬಾವಿ ನೀರು ಕುದಿಸಿಯೇ ಕಲಸ್ತಿದ್ದರು. ಯಂತ್ರದವನ ಮೇಲಿನ ಸಿಟ್ಟಿಗೆ ನಾನು ಎರಡೂ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟೆ. ನಳದ ನೀರಿನ ಗಡಸುತನ 200 ದಾಟಿತ್ತು, 600ರ ಒಳಗಿತ್ತು, ಉಳಿದದ್ದೆಲ್ಲ ಸರಿ. ಸಿಹಿ ಬಾವಿಯ ನೀರಿನಲ್ಲಿ ನೈಟ್ರೇಟ್ ಮಿತಿ ಮೀರಿತ್ತು.

ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಗಡಸುತನದ ಹಾಗೆ ಇದಕ್ಕೆ ರಿಯಾಯಿತಿ ಇಲ್ಲ. ಬಾವಿಯ ಸುತ್ತ ಕಬ್ಬು, ಕಬ್ಬಿಗೆ ಯೂರಿಯಾ, ಮೇಲಿಂದ ನೀರು ಹಾಯಿಸ್ತೀವಿ. ಬೆಳೆ ಹೀರಿಕೊಳ್ಳದ್ದು ಕೆಳಗಿಳಿದು ಬಾವಿ ಸೇರುತ್ತೆ. ತಿಪ್ಪೆ, ಶೌಚಗುಂಡಿ ಹತ್ತಿರ ಇದ್ದರೂ ಹೀಗೇ. ಬಣ್ಣ ಇಲ್ಲ, ವಾಸನೆ ಇಲ್ಲ, ಬಿಳಿ ಕಲೆಯೂ ಇಲ್ಲ. ಆರು ತಿಂಗಳೊಳಗಿನ ಕೂಸುಗಳ ರಕ್ತ ಆಮ್ಲಜನಕ ಸಾಗಿಸೋ ಶಕ್ತಿಯನ್ನೇ ಇದು ಕುಗ್ಗಿಸಬಲ್ಲದು, ಮೈ ನೀಲಿಗಟ್ಟುತ್ತೆ. ಕುದಿಸಿದರೆ ಹೋಗಲ್ಲ, ನೀರು ಆವಿಯಾಗಿ ಪ್ರಮಾಣ ಇನ್ನೂ ಹೆಚ್ಚಾಗುತ್ತೆ. ವೈನಿ ಆ ವರದಿ ಹಿಡಿದು ಸುಮ್ಮನೆ ಕೂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತೇ ಡಾಕ್ಟರಿಗೆ ತೋರಿಸಿದೆವು, ಕೂಸು ಆರಾಮಿತ್ತು. ಬಾವಿ ನೀರು ಕುಡಿಯೋದು ಅವತ್ತೇ ನಿಂತಿತು.

ಹಾಗಾದ್ರೆ ಏನು ಮಾಡಬೇಕು? ಮೊದಲು ಪರೀಕ್ಷೆ, ಆಮೇಲೆ ಯಂತ್ರ. ಮಾರೋರ ಕೈಯ ಟಿಡಿಎಸ್ ಮೀಟರ್ ಒಟ್ಟು ಲವಣ ಎಷ್ಟು ಅನ್ನೋದನ್ನಷ್ಟೇ ಅಂದಾಜಿಸುತ್ತೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ನೈಟ್ರೇಟ್ ಎಷ್ಟು ಅಂತ ಹೇಳಲ್ಲ, ರೋಗಾಣು ಅಂತೂ ಅದಕ್ಕೆ ಕಾಣಲ್ಲ. ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಗಳಿಗೆ ಪರೀಕ್ಷಾ ಕಿಟ್ ಕೊಡೋದು, ಪ್ರತಿ ಹಳ್ಳಿಯಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ತರಬೇತಿ ಕೊಡೋದು ಅಂತ ಇದೆ. ನಿಮ್ಮ ಪಂಚಾಯ್ತಿಗೆ ಹೋಗಿ, "ಕಿಟ್ ಎಲ್ಲದ? ಕಡೀ ಪರೀಕ್ಷೆ ಯಾವಾಗ ಆಗಿತ್ತು?" ಅಂತ ಕೇಳ್ರಿ. ಲ್ಯಾಬಿಗೆ ಕೊಡೋದಾದ್ರೆ ಅದೇ ನೀರಿನಿಂದ ಬಾಟಲಿ ಮೂರು ಸಲ ಗಲಬರಿಸಿ ತುಂಬಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರ ಬಾಟಲಿಯೇ ಬೇಕು, ಅದನ್ನು ಗಲಬರಿಸಬಾರದು. ವರ್ಷಕ್ಕೆ ಎರಡು ಸಲ ಮಾಡಿಸಿ, ನದಿ ಇದ್ದಾಗ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ.

ಬರೀ ಗಡಸುತನ ಇದ್ದರೆ ಕುದಿಸಿ, ತಣಿಸಿ, ಬಟ್ಟೆಯಲ್ಲಿ ಸೋಸಿ. ಒಂದಷ್ಟು ಗಡಸುತನ ತಳದಲ್ಲಿ ಪುಡಿಯಾಗಿ ಕೂತಿರುತ್ತೆ. ತುರಟಿ ಹಾಕಿದರೆ ರಾಡಿ ಕೂಡುತ್ತೆ, ಗಡಸುತನ ಹೋಗಲ್ಲ. ಬ್ಯಾಳಿಗೆ ಮಳೆ ನೀರು ಇದ್ದರೆ ಬಳಸಿ, ಹುಣಸೆಹುಳಿ ಬೆಂದ ಮೇಲೆಯೇ ಹಾಕಿ. ನೈಟ್ರೇಟ್, ಫ್ಲೋರೈಡ್ ಮಿತಿ ದಾಟಿದ್ದು ಬೇರೆ ಮೂಲ ಇಲ್ಲದಿದ್ದರೆ ಆರ್‌ಒ ಕೆಲಸಕ್ಕೆ ಬರುತ್ತೆ. ಆದ್ರೆ ಮನೆಯ ಯಂತ್ರ ಒಂದು ಲೀಟರ್ ಕೊಡೋಕೆ ಮೂರು ಲೀಟರ್ ಹೊರಗೆ ಬಿಟ್ಟರೆ, ದಿನಕ್ಕೆ 20 ಲೀಟರ್ ಅಂದ್ರೂ ತಿಂಗಳಿಗೆ 1,800 ಲೀಟರ್ ಮೋರಿಗೆ. ಟ್ಯಾಂಕರ್ ಬರೋ ಊರಿನಲ್ಲಿ ಇದು ಸಣ್ಣ ಮಾತಲ್ಲ. ಆ ನೀರನ್ನು ನೆಲ ಒರೆಸೋಕೆ, ಶೌಚಕ್ಕೆ ಹಿಡಿದಿಡಿ.

ನಮ್ಮ ಮನೆಯ ಕೊಡದಲ್ಲಿ ಈಗ ನಳದ ನೀರು, ಕುದಿಸಿ ಸೋಸಿದ್ದು. ಪಾತ್ರೆ ಇನ್ನೂ ಬೆಳ್ಳಗಾಗ್ತವೆ. ಅವ್ವ ಲಿಂಬಿಹಣ್ಣಿನ ಸಿಪ್ಪೆ ಹಾಕಿ ತಿಕ್ಕುವಾಗ ಬೈತಾಳೆ, ಆದ್ರೆ ಹೆದರಲ್ಲ. ನಿಮ್ಮ ಮನೆಯ ನೀರಿನ ವರದಿ ಬಂದರೆ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೂಡಿ ಓದೋಣ.