ಸೋಲಿಗರ ಕಾಡು
(ಮಡತ್ತುಕುಳಂ ಕೂಟದಲ್ಲಿ ಆಡಿದ ಮಾತು)



ಮಡತ್ತುಕುಳಂ ಗದ್ದೆಗಳಿಗೆ ಹರಿಯುವ ಅಮರಾವತಿಯ ನೀರು ಆನೆಮಲೆಯ ಕಡೆಯಿಂದ ಇಳಿದು ಬರುತ್ತದೆ. ಆ ಮಲೆಯಲ್ಲಿ ಮುದುವರು, ಪುಲಯರು ನಮಗಿಂತ ಮುಂಚಿನಿಂದ ಇದ್ದಾರೆ. 2007ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿ ಉಳಿಯಬೇಕಾದರೆ ಕಾಡಿನ ಜನ ಕೆಳಗಿಳಿಯಬೇಕು ಎಂಬ ಮಾತು ನಮ್ಮ ಲೈನ್ ಮನೆಗಳಲ್ಲೂ ಕೇಳಿಬರುತ್ತದೆ. ಇದು ನಿಜವೇ? ಕನ್ನಡಕ್ಕೆ ಹತ್ತಿರದ ನುಡಿಯಾಡುವ ಸೋಲಿಗರ ಸಂಗತಿ ಕೇಳಿರಿ.

ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಬೆಟ್ಟದಲ್ಲಿ ಅಲ್ಲಲ್ಲಿ ಬೇಸಾಯ ಮಾಡುತ್ತಿದ್ದ ಸೋಲಿಗರನ್ನು ಪೋಡುಗಳಲ್ಲಿ ನೆಲೆಗೊಳಿಸಿದರು. ಅವರು ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಕಲ್ಲುಹೂವು ತಂದು ಲ್ಯಾಂಪ್ಸ್ ಸೊಸೈಟಿಗೆ ಹಾಕಿ ಬದುಕಿದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ, ಮಾರುವುದಕ್ಕೆ ಅದನ್ನೂ ತರಕೂಡದೆಂದಾಯಿತು. ಎಷ್ಟೋ ಮನೆಯವರು ಕಾಫಿ ತೋಟದ ಕೂಲಿಗೆ ಹೊರಟರು. ಹಾಜರಿ ಪುಸ್ತಕ ನಂಬಿ ಬದುಕುವುದೆಂದರೇನೆಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಇದರಿಂದ ಕಾಡಿಗಾದರೂ ಒಳ್ಳೆಯದಾಯಿತೇ? ಸೋಲಿಗರು ಹಿಂದೆ ಒಣಗಿದ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಎಂದು ಅದರ ಹೆಸರು. ಅದು ನಿಂತ ಮೇಲೆ ಲಂಟಾನ ಪೊದೆ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು ಎನ್ನುತ್ತಾರೆ ಅವರ ಹಿರಿಯರು. ಜೇನು ಕೀಳುವಾಗಲೂ ಹುಳುವಿಗೆಂದು ಒಂದು ಪಾಲು ಬಿಟ್ಟು ಬರುವುದು ಅವರ ಪದ್ಧತಿ. ಕಾಡು ಕೆಡಿಸುವವರ ಲಕ್ಷಣ ಇದಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಸೋಲಿಗರು ಪೋಡುಗಳಲ್ಲಿ ಸಭೆ ಸೇರಿ ಅರ್ಜಿ ಹಾಕಿದರು, ತಮ್ಮ ದೇವರ ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದರು. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಬಂತು. 2010ರಲ್ಲಿ 35 ಎನ್ನಲಾಗಿದ್ದ ಹುಲಿಗಳು 2014ರ ಲೆಕ್ಕದಲ್ಲಿ 68. ಸೋಲಿಗರಿಂದಲೇ ಹೆಚ್ಚಿದವು ಎಂದು ನಾವು ಹೇಳುವುದಿಲ್ಲ. ಅವರಿದ್ದೂ ಹೆಚ್ಚಿದವು, ಅಷ್ಟು ಸಾಕು. ಪತ್ರ ಕೈಗೆ ಬಂದಮಾತ್ರಕ್ಕೆ ತಕರಾರು ತೀರಲಿಲ್ಲ ಎಂಬುದನ್ನೂ ಹೇಳಬೇಕು.

ನಮ್ಮ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ 2008ರ ಮಧ್ಯಂತರ ಆದೇಶದಿಂದ ಹಕ್ಕುಪತ್ರ ಹಂಚುವುದು ತಡೆಯಾಯಿತು. 2016ರಲ್ಲಿ ಸುಪ್ರೀಂ ಕೋರ್ಟು ಆ ತಡೆ ತೆಗೆಯಿತು. ಎಂಟು ವರ್ಷ ಹೋಯಿತು! ಕಾಯ್ದೆಯಂತೆ ಅರ್ಜಿ ಕೇಳಿ ಮೊದಲು ತೀರ್ಮಾನಿಸುವುದು ಗ್ರಾಮಸಭೆ. ಕಾಡನ್ನೂ ಪ್ರಾಣಿಗಳನ್ನೂ ಕಾಯುವ ಅಧಿಕಾರವೂ ಅದಕ್ಕಿದೆ. ಆದ್ದರಿಂದ ಮುಂದಿನ ಕೂಟಕ್ಕೆ ಮಲೆಯ ಹಿರಿಯರನ್ನು ಕರೆಯೋಣ. ಅರ್ಜಿ ಬರೆಯಲು, ಕಚೇರಿಗೆ ಜೊತೆ ಹೋಗಲು ನಮ್ಮ ಯೂನಿಯನ್ನಿನಿಂದ ಯಾರು ಬರುತ್ತೀರಿ? ಈಗಲೇ ಹೆಸರು ಕೊಡಿರಿ.